ಬ್ರೇಕಿನೊಳಗೆ ಗಾಳಿ, ಮುಂದಿನ ಸೀಟಿನಲ್ಲಿ ಅತ್ತೆ

ಬ್ರೇಕ್ ಒತ್ತಿದರೆ ಗಾಡಿ ನಿಲ್ಲಬೇಕು. ಡ್ರೈವಿಂಗ್ ಕಲಿಸುವಾಗ ಮಾವ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ಮೊನ್ನೆ ಸೋಮವಾರ ಮಲಪನಗುಡಿ ಹತ್ತಿರ ಅದೇ ಮಾವ ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ.

ಎದುರಿಗೆ ಎಮ್ಮೆಗಳು ರಸ್ತೆ ದಾಟುತ್ತಿದ್ದವು. ಸರ್ಕಾರಿ ಆಫೀಸಿನಲ್ಲಿ ಊಟಕ್ಕೆ ಎದ್ದವರಷ್ಟು ನಿಧಾನ. ಮಾವ ಒತ್ತಿದ ಪೆಡಲ್ ಸೀದಾ ನೆಲ ಮುಟ್ಟಿತು. ವ್ಯಾನು ಮಾತ್ರ ಎಮ್ಮೆಗಳ ಕಡೆಗೇ ಹೋಗುತ್ತಿತ್ತು.

"ಮಾಮಾ!" ಎಂದು ಹಿಂದಿನ ಸೀಟಿನಿಂದ ಕಿರುಚಿದೆ. ಮಾವ ತಿರುಗಲೂ ಇಲ್ಲ. ಗೇರು ಇಳಿಸಿದ, ಮತ್ತೆ ಇಳಿಸಿದ. ಇಂಜಿನ್ನು ಗೊರ್ರೆಂದು ಒದ್ದಾಡಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದ. ಕೊನೆಯ ಎಮ್ಮೆಯ ಬಾಲ ಗಾಡಿಯ ಗಾಜನ್ನು ಒರೆಸಿಕೊಂಡು ಹೋಗುವಷ್ಟು ಹತ್ತಿರ ಹೋಗಿ ನಿಂತೆವು.

ಮುಂದಿನ ಸೀಟಿನಲ್ಲಿದ್ದ ಅತ್ತೆ ಸೆರಗು ಸರಿ ಮಾಡಿಕೊಂಡು, "ಎಮ್ಮಿ ಭಾಳ ಚಲೋ ಸಾಕ್ಯಾರ ನೋಡು," ಎಂದಳು.

(ನನಗೆ ಆ ಹೊತ್ತಿನಲ್ಲಿ ಎಮ್ಮೆಯ ಆರೋಗ್ಯ ನೋಡುವಷ್ಟು ಸಮಾಧಾನ ಇರಲಿಲ್ಲ. ಹೈಸ್ಕೂಲು ಟೀಚರ್ ನಾನು. ನನ್ನ ಎದೆ ಗಟ್ಟಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಹಾಗೇ ಅಂದುಕೊಂಡಿರಲಿ.)

ಮಾವ ಅಂದರೆ ನಮ್ಮಮ್ಮನ ತಮ್ಮ, ಕಂಪ್ಲಿಯ ಪಂಪಾಪತಿ. ನಮ್ಮ ಕಡೆ ಸೋದರಮಾವನೆಂದರೆ ಸಲಿಗೆ. ಅವನು ನನ್ನನ್ನು ಬೈಯಬಹುದು, ನಾನು ಅವನನ್ನು ಆಡಿಕೊಳ್ಳಬಹುದು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹರೆಯದಿಂದಲೂ ಸಂಡೂರಿನ ಅದಿರು ಲಾರಿ ಓಡಿಸಿದವನು. ಮೈನಿಂಗು ಇಳಿಮುಖವಾದಾಗ ಒಂದು ಹಳೆಯ ಬಿಳಿ ವ್ಯಾನು ಕೊಂಡ. ಈಗ ಟೂರಿಸ್ಟುಗಳನ್ನು ಹಂಪಿಗೆ, ನೆಂಟರನ್ನು ಮದುವೆಗೆ, ಬಸುರಿಯರನ್ನು ತವರಿಗೆ ಕರೆದುಕೊಂಡು ಹೋಗುತ್ತಾನೆ. ಸಂಡೂರು ಘಾಟಿನಲ್ಲಿ ಅವನಷ್ಟು ನಾಜೂಕಾಗಿ ಗಾಡಿ ಇಳಿಸುವವರಿಲ್ಲ ಅನ್ನುವುದು ನಮ್ಮ ಮನೆತನದ ನಂಬಿಕೆ.

ಅತ್ತೆಯ ಹೆಸರು ಹುಲಿಗೆಮ್ಮ. ಇವರ ಒಬ್ಬಳೇ ಮಗಳು ರೂಪಾಳನ್ನು ಸಂಡೂರಿಗೆ ಕೊಟ್ಟಿದ್ದಾರೆ. ಅವಳಿಗೀಗ ಏಳು ತಿಂಗಳು. ಗುರುವಾರ ಕುಬುಸದ ಕಾರ್ಯ, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ, ಬುತ್ತಿ ತೆಗೆದುಕೊಂಡು ಹೋಗಿ, ಉಡಿ ತುಂಬಿ, ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕು. ಸೀರೆಯನ್ನು ವಿರೂಪಾಕ್ಷನ ಮುಂದಿಟ್ಟು ಕಾಯಿ ಒಡೆಸಿಕೊಂಡು ಬರೋಣವೆಂದು ಅತ್ತೆ ಹಟ ಹಿಡಿದಳು. ಹಾಗೆ ಹಂಪಿಗೆ ಹೋಗಿ, ಬಳೆ ಕೊಳ್ಳಲು ಹೊಸಪೇಟೆಗೆ ಹೊರಟಾಗ ಈ ಎಮ್ಮೆ ಪ್ರಸಂಗ.

ಮಾವ ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡಿದ. ಹಿಂದಿನ ಚಕ್ರದ ಹತ್ತಿರ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಪೈಪ್ ಒಡದೈತಿ. ಫಸ್ಟ್ ಗೇರ್‌ನ್ಯಾಗ ಮೆಲ್ಲಕ ಖಾಜಾನ ಗ್ಯಾರೇಜಿಗೆ ಹೋಗಾಣ. ಹತ್ರಿ."

ನಾನು ಹತ್ತಲಿಲ್ಲ. ಹಿಂದೆ ಬರುತ್ತಿದ್ದ ಆಟೋಕ್ಕೆ ಕೈ ತೋರಿಸಿ, "ಬಾ ಅತ್ತಿ, ಆಟೋದಾಗ ಹೋಗಾಣ," ಎಂದೆ. ಬ್ರೇಕಿಲ್ಲದ ಗಾಡಿಯಲ್ಲಿ ಬುದ್ಧಿ ಇದ್ದವರು ಕೂರುತ್ತಾರೆಯೇ?

"ನೀ ಹೋಗವಾ," ಎಂದಳು ಅತ್ತೆ. "ನಾ ಇಳಿದ್ರ ಆತ ಒಬ್ಬನ ಆಗ್ತಾನ."

ಇದು ಅತ್ತೆಯ ಹಳೆಯ ಕಾಯಿಲೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಂದೆರಡು ವರ್ಷದಿಂದ ಮಾವನ ಗಾಡಿ ಹೊರಟಿತೆಂದರೆ ಅತ್ತೆ ಮುಂದಿನ ಸೀಟಿನಲ್ಲಿ. ಬಾಡಿಗೆ ಇರಲಿ, ಮದುವೆ ಇರಲಿ, ಡೀಸೆಲ್ ಹಾಕಿಸಲು ಬಂಕಿಗೆ ಹೋಗುವುದೇ ಇರಲಿ. ವಯಸ್ಸಾದ ಮೇಲೆ ಹುಲಿಗೆಮ್ಮನಿಗೆ ಗಂಡನ ಮೇಲೆ ಡೌಟು ಶುರುವಾಗಿದೆ ಎಂದು ನಮ್ಮಮ್ಮ ನಗುತ್ತಾಳೆ. ಇಲ್ಲಪ್ಪ, ಪ್ರೀತಿ ಶುರುವಾಗಿದೆ ಎಂದು ನಾವು ನಗುತ್ತೇವೆ. ಅತ್ತೆ ಯಾರಿಗೂ ಉತ್ತರ ಕೊಟ್ಟವಳಲ್ಲ.

ಖಾಜಾನ ಗ್ಯಾರೇಜು ಸಂಡೂರು ರಸ್ತೆಯ ಮಗ್ಗುಲಲ್ಲಿದೆ. ಅವರು ವ್ಯಾನಿನಲ್ಲಿ, ನಾನು ಆಟೋದಲ್ಲಿ ಅಲ್ಲಿಗೆ ಮುಟ್ಟಿದೆವು. ಖಾಜಾ ನಲವತ್ತರ ಆಸುಪಾಸಿನ ಮನುಷ್ಯ, ಬಾಯಿ ಜೋರು, ಕೈ ಚುರುಕು. ಗಾಡಿ ಕೆಳಗೆ ಮಲಗಿ ನೋಡಿ ಎದ್ದು, ತುಕ್ಕು ತಿಂದ ಪೈಪಿನ ತುಂಡೊಂದನ್ನು ನನ್ನ ಕೈಗಿಟ್ಟ. ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿತ್ತು. ಇದರ ಮೇಲೆ ಜೀವ ಇಟ್ಟುಕೊಂಡು ನಾವು ಹಂಪಿಗೆ ಹೋಗಿ ಬಂದಿದ್ದೆವು.

ಹೊಸ ಪೈಪು ಹಾಕಿದ್ದು ಬೇಗನೇ ಆಯಿತು. ಇನ್ನೇನು ಹೊರಡೋಣ ಎಂದು ನಾನು ಬ್ಯಾಗು ಹೆಗಲಿಗೇರಿಸಿದರೆ ಖಾಜಾ ನಕ್ಕ.

"ಅಕ್ಕಾ, ಎಲ್ಲಿಗ್ ಹೊಂಟ್ರಿ? ಇನ್ನಾ ಏರ್ ತೆಗೀಬೇಕ್ರಿ."

ನಿಮಗೆ ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ. ಬ್ರೇಕಿನ ಪೈಪಿನಲ್ಲಿ ಇರಬೇಕಾದದ್ದು ಎಣ್ಣೆ ಮಾತ್ರ. ಎಣ್ಣೆಯನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ. ಹಾಗಾಗಿ ಇಲ್ಲಿ ಕಾಲು ಒತ್ತಿದ ಜೋರು ಅಲ್ಲಿ ಚಕ್ರಕ್ಕೆ ಹಾಗೇ ತಲುಪುತ್ತದೆ. ಪೈಪು ಬಿಚ್ಚಿದಾಗ ಒಳಗೆ ಗಾಳಿ ಹೊಕ್ಕರೆ ಕೆಲಸ ಕೆಟ್ಟಿತು. ಗಾಳಿ ಕುಗ್ಗುತ್ತದೆ. ಕಾಲಿನ ಜೋರೆಲ್ಲ ಗಾಳಿ ಅಮುಕುವುದಕ್ಕೇ ಮುಗಿದು, ಚಕ್ರಕ್ಕೆ ಏನೂ ತಲುಪುವುದಿಲ್ಲ. ಅದಕ್ಕೇ ಆ ಗಾಳಿಯನ್ನು ಹೊರಗೆ ಹಾಕಬೇಕು.

ಇದು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿದುಕೊಳ್ಳಬೇಕು. ಇನ್ನೊಬ್ಬರು ಹಿಂದಿನ ಚಕ್ರದ ಹತ್ತಿರ ಮಲಗಿ, ಅಲ್ಲಿರುವ ತಿರುಪಿನಂಥ ಪುಟ್ಟ ನಿಪ್ಪಲ್ ಸಡಿಲಿಸಬೇಕು. ಬುಸ್ ಎಂದು ಗಾಳಿ, ಎಣ್ಣೆ ಹೊರಗೆ ಬರುತ್ತದೆ, ಪೆಡಲ್ ಕೆಳಗೆ ಇಳಿಯುತ್ತದೆ. ನಿಪ್ಪಲ್ ಮತ್ತೆ ಬಿಗಿ ಮಾಡಿದ ಮೇಲೆಯೇ ಕಾಲು ಎತ್ತಬೇಕು. ಅದಕ್ಕೆ ಮುಂಚೆ ಎತ್ತಿದರೆ ಹೊರಗೆ ಹೋದ ಗಾಳಿ ಮತ್ತೆ ಒಳಕ್ಕೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಎಲ್ಲ ಬರೀ ಕೂಗಿನ ಮೇಲೆ ನಡೆಯಬೇಕು.

ಖಾಜಾನ ಅಸಿಸ್ಟೆಂಟು ಯಾರದೋ ಮದುವೆಗೆ ಮರಿಯಮ್ಮನಹಳ್ಳಿಗೆ ಹೋಗಿದ್ದ. "ಯಜಮಾನ್ರ, ನೀವ ಕುಂದ್ರಿ. ನಿಮಗ ನಾ ಹೇಳಿಕೊಡಬೇಕೇನ್ರಿ?" ಎಂದು ಖಾಜಾ ಮಾವನನ್ನು ಸೀಟಿಗೆ ಕಳಿಸಿ ತಾನು ಕೆಳಗೆ ತೂರಿದ. ಅತ್ತೆ ಮತ್ತು ನಾನು ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತೆವು.

"ಒತ್ರೀ... ಒತ್ರೀ... ಹಿಡೀರೀ!" ಕೆಳಗಿನಿಂದ ಖಾಜಾ. ಸ್ವಲ್ಪ ಹೊತ್ತು ಬಿಟ್ಟು, "ಬಿಡ್ರೀ!"

ಹೀಗೇ ನಡೆಯಿತು. ರಸ್ತೆಯಲ್ಲಿ ಅದಿರು ಲಾರಿಗಳು ಹೋಗುತ್ತಿದ್ದವು, ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಡಿದುಕೊಳ್ಳುತ್ತಿತ್ತು. ಖಾಜಾ ಎದ್ದು ಬಂದು ಪೆಡಲನ್ನು ಕೈಯಿಂದ ಒತ್ತಿ ನೋಡಿದ. ಮೆತ್ತಗೆ ಒಳಗೆ ಹೋಯಿತು. ಮತ್ತೆ ಎಣ್ಣೆ ತುಂಬಿಸಿ ಮತ್ತೆ ಶುರು. ಮತ್ತೆ ಮೆತ್ತಗೆ. ಹೊಸ ಪೈಪಿನ ಜಾಯಿಂಟು ಬಿಗಿ ಮಾಡಿದ. ಎಲ್ಲೂ ಸೋರುತ್ತಿರಲಿಲ್ಲ. ಆದರೂ ಗಾಳಿ ಹೋಗುತ್ತಿಲ್ಲ.

"ಯಜಮಾನ್ರ, ನೀವು ಜಲ್ದಿ ಕಾಲ್ ಎತ್ತಾಕತ್ತೀರಿ," ಎಂದ ಖಾಜಾ.

ಮಾವನ ಮುಖ ಕೆಂಪಗಾಯಿತು. "ನೀ ಪಾನಾ ಹಿಡಿಯಾಕಿಂತ ಮೊದ್ಲ ನಾ ಲಾರಿ ಬ್ರೇಕಿನ ಏರ್ ತಗದೋನು. ನನಗ ಹೇಳ್ತೀಯೇನ್ಲೇ? ನಿನ್ನ ನಿಪ್ಪಲ್ ಸವದೈತಿ, ಅದನ್ನ ನೋಡು ಮೊದ್ಲ."

ನಿಪ್ಪಲ್ ಸವೆದಿದ್ದೂ ನಿಜವೇ. ಪಾನಾ, ಅಂದರೆ ಸ್ಪ್ಯಾನರು, ಜಾರುತ್ತಿತ್ತು, ಬಿಗಿ ಮಾಡಲು ಖಾಜಾ ಒದ್ದಾಡುತ್ತಿದ್ದ. "ಮಾಮಾ, ನಾ ಒತ್ತಲೇನು?" ಎಂದೆ. "ನೀ ಸುಮ್ನ ಕುಂದ್ರು," ಎಂದ. ಲಾರಿ ಡ್ರೈವರ್ ಸೀಟಿನಲ್ಲಿರುವಾಗ ಸ್ಕೂಲ್ ಟೀಚರ್ ಬ್ರೇಕ್ ಒತ್ತಬೇಕೇ? ಮರ್ಯಾದೆ ಪ್ರಶ್ನೆ.

ಮತ್ತೊಂದು ಸುತ್ತು ಆಯಿತು. ಖಾಜಾ ಬೆವರು ಒರೆಸಿಕೊಂಡು ತೀರ್ಪು ಕೊಟ್ಟ. "ಮಾಸ್ಟರ್ ಸಿಲಿಂಡರ್ ಹೋಗೈತ್ರಿ. ಬಳ್ಳಾರಿಯಿಂದ ತರಿಸಬೇಕು. ಶನಿವಾರ ಆಗ್ತತಿ."

"ಗುರುವಾರ ಕುಬಸ ಐತೋ!" ಎಂದ ಮಾವ. ಅವನ ದನಿ ಒಡೆದಿತ್ತು. ಮಗಳನ್ನು ಬಾಡಿಗೆ ಕಾರಿನಲ್ಲಿ ಕರೆತರುವುದೇ? ಊರಿನ ಬಸುರಿಯರನ್ನೆಲ್ಲ ತವರಿಗೆ ಮುಟ್ಟಿಸಿದವನು, ತನ್ನ ಮಗಳಿಗೆ ಮಾತ್ರ ಬೇರೆಯವರ ಗಾಡಿ ಹಿಡಿಯುವುದೇ? ಅವನು ಇಳಿದು ವ್ಯಾನಿನ ಬಾಗಿಲಿಗೆ ಒರಗಿ ನಿಂತ.

ಆಗ ಅತ್ತೆ ಬೆಂಚಿನಿಂದ ಎದ್ದಳು. ಯಾರನ್ನೂ ಕೇಳಲಿಲ್ಲ. ಹೋಗಿ ಮುಂದಿನ ಸೀಟಿನಲ್ಲಿ ಕೂತಳು. "ಖಾಜಾ, ಸಿಲಿಂಡರ್ ಆಮ್ಯಾಲೆ ನೋಡೋಣಪ. ಇನ್ನೊಂದ್ಸಲ ಮಾಡು."

"ಅಮ್ಮಾ, ಎಷ್ಟ್ ಸಲ ಮಾಡಿದ್ರೂ..."

"ಮಾಡು ಅಂದೆ."

ಹೆಂಗಸು ಆ ದನಿಯಲ್ಲಿ ಹೇಳಿದರೆ ಗ್ಯಾರೇಜಿನಲ್ಲೂ ನಡೆಯುತ್ತದೆ. ಖಾಜಾ ಕೆಳಗೆ ತೂರಿದ. ಮಾವ ಸೀಟಿಗೆ ಬಂದ. ನಾನು ಅತ್ತೆಯ ಬಾಗಿಲ ಹತ್ತಿರ ಹೋಗಿ ನಿಂತೆ.

"ಒತ್ರೀ... ಒತ್ರೀ... ಹಿಡೀರೀ!"

ಅತ್ತೆಯ ಬಲಗೈ ಮಾವನ ಮೊಣಕಾಲಿನ ಮೇಲೆ ಬಂತು. ಸೆರಗಿನ ಅಂಚು ಅದರ ಮೇಲೆ. ಹೊರಗಿನವರಿಗೆ ಕೈ ಕಾಣುವುದಿಲ್ಲ, ಕಾಣುವುದು ಸೆರಗು ಮಾತ್ರ. ಪಾಪ, ಅತ್ತೆಗೆ ಹೆದರಿಕೆಯಾಗಿದೆ ಅಂದುಕೊಂಡೆ. ಪೆಡಲ್ ಇಳಿಯಿತು. ಕೆಳಗೆ ಪಾನಾ ಜಾರಿತು, ಖಾಜಾ ಏನೋ ಬೈದುಕೊಂಡ. ಕೈ ಹಾಗೇ ಇತ್ತು. ಮಾವನ ಕಾಲೂ ಹಾಗೇ ಇತ್ತು.

"ಬಿಡ್ರೀ!"

ಅತ್ತೆ ಕೈ ಎತ್ತಿದಳು. ಮಾವ ಕಾಲು ಎತ್ತಿದ.

ಮತ್ತೆ "ಹಿಡೀರೀ". ಕೈ ಕೂತಿತು. "ಬಿಡ್ರೀ". ಕೈ ಎದ್ದಿತು. ಒಂದು ಸಲ ಅದಿರು ಲಾರಿಯೊಂದು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹೋಯಿತು. ನಾನು ಬೆಚ್ಚಿದೆ. ಮಾವ ಕಣ್ಣೂ ಮಿಟುಕಿಸಲಿಲ್ಲ.

ಅಷ್ಟು ಹೊತ್ತಿಗೆ ನನಗೆ ತಿಳಿಯಿತು. ಮಾವನಿಗೆ ಕೇಳಿಸುತ್ತಿಲ್ಲ. ಎದುರಿಗೆ ನಿಂತವರ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಾನೆ, ಅಷ್ಟೇ. ಖಾಜಾ ನಿಪ್ಪಲ್ ಸಡಿಲಿಸಿದ್ದು ಅವನಿಗೆ ಕಾಲಿನಲ್ಲೇ ಗೊತ್ತಾಗುತ್ತಿತ್ತು, ಪೆಡಲ್ ಇಳಿಯುತ್ತದಲ್ಲ. ಬಿಗಿ ಮಾಡಿದ್ದು ಮಾತ್ರ ಕಾಲಿಗೆ ಗೊತ್ತಾಗುವುದಿಲ್ಲ. ಅದನ್ನು ಬಾಯಿಯೇ ಹೇಳಬೇಕು, ಕಿವಿಯೇ ಕೇಳಬೇಕು. ಮಾವ ಅಂದಾಜಿನ ಮೇಲೆ ಕಾಲು ಎತ್ತುತ್ತಿದ್ದ. ನಿಪ್ಪಲ್ ಸವೆದಿದ್ದರಿಂದ ಖಾಜಾನಿಗೆ ತಡವಾಗುತ್ತಿತ್ತು, ಅಂದಾಜು ತಪ್ಪುತ್ತಿತ್ತು.

ಈ ಸಲ ಖಾಜಾ ಎದ್ದು ಬಂದು ಪೆಡಲ್ ಒತ್ತಿದ. ಕಲ್ಲಿನಂತೆ ನಿಂತಿತು. "ಅರೆ! ಏರ್ ಎಲ್ಲೋ ಮೂಲ್ಯಾಗ ಸಿಕ್ಕಂಡಿತ್ತು ನೋಡ್ರಿ," ಎಂದು ಖುಷಿಯಿಂದ ಉಳಿದ ಚಕ್ರಗಳ ಕಡೆ ಹೋದ. ಅವನಿಗೆ ಏನೂ ಗೊತ್ತಾಗಲಿಲ್ಲ. ಅತ್ತೆ ನನ್ನ ಮುಖ ನೋಡಿದಳು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು.

ಕೆಲಸವೆಲ್ಲ ಮುಗಿದ ಮೇಲೆ ಅವಳನ್ನು ಎದುರಿನ ಮಿರ್ಚಿ ಅಂಗಡಿಗೆ ಎಳೆದುಕೊಂಡು ಹೋದೆ. ಮಂಡಕ್ಕಿ ಮುಂದಿಟ್ಟುಕೊಂಡು ಕೂತೆವು. ಇಬ್ಬರೂ ತಿನ್ನಲಿಲ್ಲ.

"ಎಷ್ಟ್ ದಿನ ಆತು ಅತ್ತಿ?"

"ಎರಡು ಬ್ಯಾಸಗಿ ಆತವಾ. ಮೊದ್ಲ ಟೀವಿ ಸೌಂಡ್ ಜಾಸ್ತಿ ಮಾಡ್ತಿದ್ದ. ಆಮ್ಯಾಲೆ ಒಂದಿನ ಪಾಪಿನಾಯಕನಹಳ್ಳಿ ಹತ್ರ ಹಿಂದ ಲಾರಿ ಹಾರ್ನ್ ಬಡಕಂಡ್ರೂ ಸೈಡ್ ಕೊಡಲಿಲ್ಲ. ನಾ ಮಗ್ಗಲಾಗ ಇದ್ದೆ. ತೊಡಿ ಚಿವುಟಿದೆ. ಅವತ್ತಿಂದ ನಾ ಆತನ್ನ ಒಬ್ಬನ್ನ ಬಿಟ್ಟಿಲ್ಲ."

"ಮಾಮಗ ನೀ ಹೇಳಿದೇನು?"

"ಏನಂತ ಹೇಳ್ಲಿ? ಗಂಡಸಿಗೆ ನಿನ್ನ ಕಿವಿ ಹೋಗೈತಿ ಅಂತ ಹೇಳಾಕ ಆಗ್ತತೇನು? ಅದೂ ಡ್ರೈವರ್‌ಗ? ನಾನೂ ಹೇಳಿಲ್ಲ, ಆತನೂ ಹೇಳಿಲ್ಲ. ಕೈ ಇಡ್ತೀನಿ, ತಿಳಕಂತಾನ."

ನನಗೆ ಸಿಟ್ಟು ಬಂತು. ಮುಚ್ಚಿಡುವುದಿಲ್ಲ. "ಟೂರಿಸ್ಟು ಹತ್ತಿಸ್ಕಂಡಾಗ್ಲೂ ಹಿಂಗನೇನು? ಏನರ ಹೆಚ್ಚುಕಮ್ಮಿ ಆದ್ರ?"

"ಅದಕ್ಕ ಅಲ್ಲೇನು ನಾ ಹೋಗೋದು? ನನಗ ಆರಾಮಿಲ್ಲ ಅಂದ ದಿನ ಆತ ಗಾಡಿ ತಗಿಯಾಂಗಿಲ್ಲ. ಬಾಡಗಿ ವಾಪಸ್ ಕಳಿಸ್ತಾನ." ಅತ್ತೆ ಮಂಡಕ್ಕಿಯಲ್ಲಿ ಬೆರಳಾಡಿಸಿದಳು. "ಈಗ ಬ್ಯಾರೆ ಚಿಂತಿ ಐತಿ. ಗುರುವಾರ ಬರೋವಾಗ ರೂಪಾನ್ನ ಎಲ್ಲಿ ಕುಂದ್ರಸಬೇಕು ಹೇಳು?"

ಹೌದಲ್ಲ! ತುಂಬಿದ ಬಸುರಿ, ಘಾಟಿನ ತಿರುವು, ಹಿಂದೆ ಕೂತರೆ ವಾಂತಿ. ಮೊದಲಿಂದಲೂ ಅವಳಿಗೆ ಹಿಂದಿನ ಸೀಟು ಆಗದು. ಮುಂದೆಯೇ ಕೂರಬೇಕು. ಮುಂದೆ ಇರುವುದು ಒಂದೇ ಸೀಟು.

"ನಾ ಹಿಂದ ಕುಂತ್ರ ಆತನಿಗೆ ಯಾರು ಹೇಳೋರು? ರೂಪಾಗ ಹೇಳಿದ್ರ ಆಕಿ ಅಂಜತಾಳ. ಹೊಟ್ಯಾಗ ಕೂಸು ಐತಿ. ಆತನಿಗೆ ಓಡಸಬ್ಯಾಡ ಅಂದ್ರ ಎದಿ ಒಡಕಂತಾನ. ರಾತ್ರಿ ನಿದ್ದಿ ಇಲ್ಲ ನನಗ." ಅತ್ತೆ ನನ್ನ ಕೈ ಹಿಡಿದುಕೊಂಡಳು. "ಅವತ್ತೊಂದಿನ ನೀ ಓಡಸವಾ. ಹೆಂಗರ ಮಾಡಿ ಆತನ್ನ ಒಪ್ಪಿಸು."

ಒಂದು ವಿಷಯ ನಿಮ್ಮನ್ನು ಕೇಳುತ್ತೇನೆ. ಕಣ್ಣು ಮಂಜಾದರೆ ನಾವು ಏನು ಮಾಡುತ್ತೇವೆ? ಕನ್ನಡಕ ಹಾಕಿಸಿಕೊಳ್ಳುತ್ತೇವೆ. ಹತ್ತಾರು ಫ್ರೇಮು ಮುಖಕ್ಕಿಟ್ಟು ನೋಡುತ್ತೇವೆ. ಫೋಟೋ ತೆಗೆದು ಸ್ಟೇಟಸ್ ಹಾಕುತ್ತೇವೆ. "ಓದಿದವರ ಕಳೆ ಬಂತು" ಎಂದು ಹೊಗಳಿಸಿಕೊಳ್ಳುತ್ತೇವೆ. ಕಿವಿ ಮಂದವಾದರೆ? ಬಾಯಿ ಮುಚ್ಚಿಕೊಳ್ಳುತ್ತೇವೆ. ಕಿವಿಗೆ ಮಿಷನ್ ಹಾಕಿಕೊಂಡವರು ಎದುರು ಬಂದರೆ ಮಗುವಿನ ಜೊತೆ ಮಾತಾಡಿದ ಹಾಗೆ ಎಳೆದೆಳೆದು ಮಾತಾಡುತ್ತೇವೆ. ಎರಡೂ ಇದೇ ಮುಖದಲ್ಲಿ ಒಂದು ಗೇಣಿನೊಳಗೇ ಇರುವ ಅಂಗಗಳು. ಒಂದರ ಸೋಲಿಗೆ ಗೌರವ, ಇನ್ನೊಂದರ ಸೋಲಿಗೆ ನಗೆ. ಯಾಕೆ?

ನಮ್ಮ ಕ್ಲಾಸುಗಳಲ್ಲೂ ಅಷ್ಟೇ. "ಕಿವಿ ಕೇಳಂಗಿಲ್ಲೇನ್ಲೇ?" ಅನ್ನುವುದು ನಮ್ಮ ಸ್ಟಾಫ್ ರೂಮಿನ ಖಾಯಂ ಬೈಗುಳ. "ಕಣ್ಣು ಕಾಣಲ್ಲೇನು?" ಅನ್ನುವುದೂ ಬೈಗುಳವೇ ಅನ್ನುತ್ತೀರಾ? ಒಪ್ಪಿದೆ. ಆದರೆ ಕಣ್ಣು ಕಾಣದವನ ಕೈ ಹಿಡಿದು ರಸ್ತೆ ದಾಟಿಸುತ್ತೇವೆ. ಕಿವಿ ಕೇಳದವನಿಗೆ ಒಂದೇ ಮಾತನ್ನು ಮತ್ತೊಮ್ಮೆ ಹೇಳಬೇಕಾಗಿ ಬಂದರೆ, "ಇರಲಿ ಬಿಡು" ಎಂದು ಎದ್ದು ಹೋಗುತ್ತೇವೆ. ಆ "ಇರಲಿ ಬಿಡು" ಕೇಳಿ ಕೇಳಿ ಎಷ್ಟೋ ಹಿರಿಯರು ನಡುಮನೆಯಲ್ಲಿ ಕೂತೂ ಮನೆಯ ಮಾತಿನಿಂದ ಹೊರಗಿದ್ದಾರೆ. ಕೇಳಿಸದಿದ್ದರೂ ಎಲ್ಲರೂ ನಕ್ಕಾಗ ನಗುತ್ತಾರೆ. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು, ನೋಡಿ.

ಗ್ಯಾರೇಜಿಗೆ ವಾಪಸು ಬಂದೆವು. ರಿಪೇರಿಯಾದ ಗಾಡಿ ಹಾಗೇ ಹೊರಡುವಂತಿಲ್ಲವಲ್ಲ, ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು. ಅತ್ತೆ ಅದನ್ನು ತರಲು ಹೋದಳು. (ಬೇಕೆಂದೇ ಹೋದಳೆಂದು ನನ್ನ ಗುಮಾನಿ.) ನಾನು ಮುಂದಿನ ಸೀಟಿನಲ್ಲಿ ಕೂತು, ಮಾವನ ಕಡೆ ಪೂರ್ತಿ ತಿರುಗಿ, ನನ್ನ ತುಟಿ ಅವನಿಗೆ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. "ಮಾಮಾ, ನನಗ ಗೊತ್ತಾತು."

ಅವನು ಸ್ಟಿಯರಿಂಗ್ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿದ. ಏನು ಗೊತ್ತಾಯಿತು ಎಂದು ಕೇಳಲಿಲ್ಲ.

"ನಿಮ್ಮತ್ತಿ ಹೇಳಿದ್ಲಾ?"

"ಆಕಿ ಕೈ ನೋಡಿದೆ."

"ಹೂಂ," ಎಂದ.

"ಹೊಸಪೇಟ್ಯಾಗ ಕಿವಿ ಡಾಕ್ಟರ್ ಅದಾರ. ಈಗ ಶೇಂಗಾ ಬೀಜದಷ್ಟು ಸಣ್ಣ ಮಿಷನ್ ಬಂದಾವ. ಯಾರಿಗೂ ಕಾಣಂಗಿಲ್ಲ. ಹೋಗಾಣ."

"ಮಿಷನ್ ನನಗ ಗೊತ್ತಿಲ್ಲೇನು? ಹೋದ ವರ್ಷನ ಒಬ್ಬನ ಹೋಗಿ ತೋರಿಸ್ಕಂಡು ಬಂದೀನಿ. ಹಾಕಿನೂ ನೋಡಿದ್ರು. ಚಲೋ ಕೇಳತೈತಿ."

ನನ್ನ ಬಾಯಿ ತೆರೆದುಕೊಂಡೇ ಇತ್ತು. "ಮತ್ಯಾಕ ಹಾಕ್ಕಳ್ಳಿಲ್ಲ? ನಾಚಿಕಿ ಏನು?"

"ಯಾರ್ ಏನಂದ್ರ ನನಗೇನು?" ಎಂದ ಮಾವ. ಗಾಜಿನಾಚೆ ನಿಂಬೆಹಣ್ಣು ಆರಿಸುತ್ತಿದ್ದ ಅತ್ತೆಯ ಕಡೆ ನೋಡಿದ. "ಮಿಷನ್ ಹಾಕ್ಕಂಡ್ರ ಆಕಿ ಗಾಡ್ಯಾಗ ಬರೋದು ಬಿಡ್ತಾಳಲ್ಲೇ."

ಆಮೇಲೆ ಅವನಾಗಿಯೇ ಮಾತಾಡಿದ. ಮಾವ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮದುವ್ಯಾದಾಗಿಂದ ನಾ ಲಾರಿ ಮ್ಯಾಲೆ, ಆಕಿ ಒಲಿ ಮುಂದ. ಮನಿಗೆ ಬಂದ್ರ ಉಣ್ಣೋದು, ಮಲಗೋದು. ಹಂಪಿಗೆ ಹುಣ್ಣಿವಿಗೊಮ್ಮೆ ದೇವ್ರಿಗೆ ಬರ್ತಿದ್ಲು, ಅಷ್ಟ. ಆ ಕಲ್ಲಿನ ರಥ ನೋಡಿದ್ದು ನನ್ನ ಕಿವಿ ಹೋದ ಮ್ಯಾಲೆ. ಈಗ ಟೂರಿಸ್ಟಿಗೆ ಆಕಿನ ಹೇಳ್ತಾಳ, ಇದು ಇಂಥಾದ್ದು, ಅದು ಅಂಥಾದ್ದು ಅಂತ. ಅರ್ಧ ಹಿಂದಿ, ಅರ್ಧ ತೆಲುಗು. ಅವರು ನಗ್ತಾರ, ಆಕಿನೂ ನಗ್ತಾಳ. ದಾರ್ಯಾಗ ಚಾ ಕುಡೀತೀವಿ. ಮೊದ್ಲ ಎಂದರ ಚಾ ಕುಡದೀವೇನು ಇಬ್ರೂ ಕೂಡಿ? ನನಗ ಕಿವಿ ಕೇಳತೈತಿ ಅಂದ್ರ ಆಕಿ ಯಾಕ ಬರ್ತಾಳ? ಮನ್ಯಾಗ ಕೆಲಸ ಐತಿ ಅಂತಾಳ. ಒಳಗ ಹೋಗ್ತಾಳ, ಅಷ್ಟ."

ಉಪದೇಶ ಮಾಡಲು ಹೋದವಳು ನಾನು. ಇದು ತಪ್ಪು, ಅಪಾಯ, ಹಿಂದೆ ಕೂತ ಜನರ ಜೀವದ ಪ್ರಶ್ನೆ, ಎಲ್ಲವನ್ನೂ ಹೇಳಬೇಕಿತ್ತು. ಹೇಳಿದೆ ಕೂಡ. ಆದರೆ ಟೀಚರ್ ದನಿಯಲ್ಲಿ ಹೇಳಲು ಆಗಲಿಲ್ಲ. ಅಳುತ್ತಾ ಹೇಳಿದೆ. ಕೊನೆಗೆ, "ಗುರುವಾರ ರೂಪಾ ಮುಂದ ಕುಂದ್ರತಾಳ, ಅತ್ತಿ ಹಿಂದ. ನಾ ಓಡಸ್ತೀನಿ," ಎಂದೆ.

ಮಾವ ಕೀ ತಿರುಗಿಸಿದ, ಮತ್ತೆ ಆಫ್ ಮಾಡಿದ.

"ಘಾಟ್ ಇಳಿಯೋವಾಗ ಸೆಕೆಂಡ್ ಗೇರ್ ಬಿಡಬ್ಯಾಡ," ಎಂದ.

ಗುರುವಾರ ಕುಬುಸ ಚೆನ್ನಾಗಿಯೇ ಆಯಿತು. ಹಸಿರು ಸೀರೆಯಲ್ಲಿ ರೂಪಾ ಬೆವರಿಕೊಂಡು ಕೂತಿದ್ದಳು. ಬೀಗರು ಹೋಳಿಗೆ ಬಡಿಸಿ ಬಡಿಸಿ ಸಾಕು ಮಾಡಿದರು. ಹೊರಡುವಾಗ ನಾನು ಡ್ರೈವರ್ ಸೀಟಿಗೆ ಹತ್ತಿದ್ದು ಕಂಡು ಬೀಗರ ಹುಬ್ಬು ಮೇಲೆ ಹೋಯಿತು. "ನಮ್ಮಕ್ಕನ ಮಗಳು ಓಡಿಸ್ತಾಳ್ರಿ, ನಾನ ಕಲಿಸಿದ್ದು," ಎಂದು ಮಾವ ದೊಡ್ಡ ದನಿಯಲ್ಲಿ ಹೇಳಿ, ಹಿಂದಿನ ಬಾಗಿಲು ತೆಗೆದು ಅತ್ತೆಯ ಪಕ್ಕ ಕೂತ. ಆ ಒಂದು ಮಾತಿಗೆ ನಾನು ಅವನ ಕಾಲಿಗೆ ಬೀಳಬೇಕೆನಿಸಿತು.

ಘಾಟಿನಲ್ಲಿ ಸೆಕೆಂಡ್ ಗೇರು ಬಿಡಲಿಲ್ಲ. ಹೊಸ ಬ್ರೇಕು ಕಾಲಿಟ್ಟ ಕೂಡಲೇ ಹಿಡಿಯುತ್ತಿತ್ತು. ಒಂದು ತಿರುವಿನಲ್ಲಿ ಹಿಂದಿನಿಂದ ಅದಿರು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ನಾನು ಸೈಡ್ ಕೊಡುತ್ತಾ ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಅತ್ತೆಯ ಕೈ ಮಾವನ ಮೊಣಕಾಲು ತಟ್ಟಿತು. ಓಡಿಸುತ್ತಿರುವುದು ಅವನಲ್ಲ ಎನ್ನುವುದು ತಟ್ಟಿದ ಮೇಲೆ ನೆನಪಾಯಿತೇನೋ, ನಾಚಿಕೊಂಡಳು. ಕೈ ಹಿಂದಕ್ಕೆ ತೆಗೆದುಕೊಳ್ಳಲು ಮಾವ ಬಿಡಲಿಲ್ಲ. ನಾನು ಕಣ್ಣು ರಸ್ತೆಯ ಮೇಲಿಟ್ಟೆ.

ಕಂಪ್ಲಿಯ ಮನೆ ಮುಟ್ಟಿದ ಮೇಲೆ ಮಾವ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಹೇಳಿದ. "ಡಾಕ್ಟರ್ ಹತ್ರ ಬರ್ತೀನಿ. ಮಿಷನ್ನೂ ಹಾಕ್ಕಂತೀನಿ. ಅದು ಬರೋ ಮಟ ಬಾಡಗಿ ಬಂದ್. ಆದ್ರ ನಿಮ್ಮತ್ತಿ ಮುಂದಿನ ಸೀಟ್ ಬಿಡಬಾರ್ದು. ಇದನ್ನ ನೀನ ಆಕಿಗೆ ಹೇಳು. ನನಗ ಹೇಳಾಕ ಬರಂಗಿಲ್ಲ."

(ಗಂಡಸರಿಗೆ ಘಾಟು ಇಳಿಸಲು ಬರುತ್ತದೆ, ಇಷ್ಟು ಹೇಳಲು ಬರುವುದಿಲ್ಲ.)

ಅತ್ತೆ ಒಳಗೆ ಮಗಳ ಊದಿದ ಕಾಲಿನ ಕೆಳಗೆ ದಿಂಬು ಇಡುತ್ತಿದ್ದಳು. ಪಡಸಾಲೆಗೆ ಕರೆದು ಹೇಳಿದೆ. ಮಾವ ಮಿಷನ್ನಿಗೆ ಒಪ್ಪಿದ್ದಾನೆ, ಇನ್ನು ಮೇಲೆ ಹಾರ್ನು ಅವನಿಗೇ ಕೇಳಿಸುತ್ತದೆ, ನೀನು ನಿದ್ದೆಗೆಟ್ಟು ಕಾಯುವುದು ಬೇಡ, ಎಂದೆ. ಅವಳ ಮುಖದಲ್ಲಿ ಹಗುರ ಕಾಣುತ್ತದೆ ಅಂದುಕೊಂಡಿದ್ದೆ. ಬಾಡಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಮುಂದಿನ ಸೀಟು ಬಿಡಬಾರದೆಂಬ ಮಾವನ ಷರತ್ತನ್ನು ಆಮೇಲೆ ಹೇಳಿದೆ.

ಅತ್ತೆ ನಂಬಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿದಳು, ಅಂಗಳದಲ್ಲಿದ್ದ ವ್ಯಾನಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಮದುವೆಯಾಗಿ ಇಷ್ಟು ವರ್ಷವಾದ, ಇನ್ನೆರಡು ತಿಂಗಳಲ್ಲಿ ಅಜ್ಜಿಯಾಗಲಿರುವ ಹೆಂಗಸು, ಯಾರಿಗೂ ಕೇಳಿಸದ ಹಾಗೆ ನನ್ನನ್ನು ಕೇಳಿದಳು. "ಕಿವಿ ಕೇಳಿದ ಮ್ಯಾಲೂ ನಾ ಹೋಗಬೌದಾ? ಜನ ಏನರ ಅನ್ನಂಗಿಲ್ಲಾ?"

ಗಂಡನ ಪಕ್ಕ ಕೂತು ಒಂದು ಚಹಾ ಕುಡಿಯಲು ನಮ್ಮ ಹೆಂಗಸರಿಗೆ ಅವನ ಕಿವಿಯೇ ಹೋಗಬೇಕೇನು?